ಒಂಬತ್ತು ನಲವತ್ತರ ಫೋನು

ಒಂಬತ್ತು ನಲವತ್ತಾದರೂ ಫೋನು ಬಾಯಿ ಬಿಡಲಿಲ್ಲ. ಸಿಸ್ಟಮ್ ಮ್ಯಾನೇಜರು ರಿಸೀವರನ್ನು ಎತ್ತಿ ಕಿವಿಗಿಟ್ಟು ನೋಡಿದಳು. ಜೀವ ಇತ್ತು. ಮೆಲ್ಲಗೆ ಇಟ್ಟಳು.

ಸರ್ಕಾರಿ ನೌಕರರಿಗೆ ತರಬೇತಿ ಕೊಡುವ ಆ ಸಂಸ್ಥೆಯ ಕಂಪ್ಯೂಟರುಗಳೆಲ್ಲ ಹನ್ನೊಂದು ವರ್ಷದಿಂದ ಅವಳ ಸುಪರ್ದಿನಲ್ಲಿದ್ದವು. ನೆಲಮಾಳಿಗೆಯಲ್ಲಿ, ಸರ್ವರ್ ಕೋಣೆಯ ಪಕ್ಕ ಅವಳ ಮೇಜು. ಏನಾದರೂ ಕೆಟ್ಟಾಗ ಮಾತ್ರ ಜನ ಅಲ್ಲಿಗೆ ಇಳಿದು ಬರುತ್ತಿದ್ದರು. ಎಲ್ಲ ಸರಿಯಿದ್ದರೆ ಅವಳೊಬ್ಬಳು ಇದ್ದಾಳೆಂಬುದೇ ಯಾರಿಗೂ ನೆನಪಿರುತ್ತಿರಲಿಲ್ಲ. ಕಡತ ನಿರ್ವಹಣೆಯ ಪಾಠ ಮಾಡುವ ವಯಸ್ಸಾದ ಮೇಷ್ಟ್ರೊಬ್ಬರ ಮಾತೇ ಬೇರೆ. ಅವರು ದಿನಾ ಬೆಳಿಗ್ಗೆ ಒಂಬತ್ತು ನಲವತ್ತರ ಹೊತ್ತಿಗೆ ಪಾಸ್‌ವರ್ಡು ಮರೆತು, ಮೂರು ಸಲ ತಪ್ಪು ಹೊಡೆದು, ಖಾತೆಗೆ ಬೀಗ ಬೀಳಿಸಿಕೊಂಡು ಅವಳಿಗೆ ಫೋನು ಮಾಡುತ್ತಿದ್ದರು. ಬೀಗ ತೆಗೆಯಲು ಅರ್ಧ ನಿಮಿಷ ಸಾಕು. ಅಷ್ಟರಲ್ಲಿ ತಪ್ಪದೆ, "ತಿಂಡಿ ಆಯ್ತೇನಮ್ಮಾ?" ಎನ್ನುತ್ತಿದ್ದರು. ಅಮ್ಮ ಹೋದ ಮೇಲೆ ಅವಳನ್ನು ಹಾಗೆ ಕೇಳುವವರು ಇನ್ನೊಬ್ಬರಿರಲಿಲ್ಲ. ತಮ್ಮನಂತೂ ಮೊಬೈಲಿನಲ್ಲಿ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತಿದ್ದ.

ತನ್ನ ಕಾಲ ಮೇಲೆ ಕಲ್ಲು ಎತ್ತಿಹಾಕಿಕೊಂಡವಳು ಅವಳೇ. ಪಾಸ್‌ವರ್ಡು ಮರೆತವರು ಮೊಬೈಲಿಗೆ ಬರುವ ಅಂಕಿ ಹಾಕಿ ತಾವೇ ಬೀಗ ತೆಗೆದುಕೊಳ್ಳುವ ವ್ಯವಸ್ಥೆಯನ್ನು ಎರಡು ತಿಂಗಳು ಕೂತು ಕಟ್ಟಿದ್ದಳು. ನಿರ್ದೇಶಕರು ಸಭೆಯಲ್ಲಿ ಹೊಗಳಿದ್ದೂ ಆಗಿತ್ತು. ಸೋಮವಾರ ಅದು ಶುರುವಾಯಿತು, ಅವತ್ತಿನಿಂದ ಫೋನು ಮೌನ. ಬುಧವಾರ ಸಂಜೆ, ನೋಡುವವರು ಯಾರೂ ಇಲ್ಲದಿದ್ದರೂ ಆಚೀಚೆ ನೋಡಿ, ಆ ವ್ಯವಸ್ಥೆಯ ಪಟ್ಟಿಯಿಂದ ಮೇಷ್ಟ್ರ ಹೆಸರೊಂದನ್ನೇ ತೆಗೆದುಹಾಕಿದಳು. ಇನ್ನು ಮರೆತರೆ ಅವರು ಅವಳನ್ನೇ ಕೇಳಬೇಕು. ಮಾಡಿದ್ದು ತಪ್ಪೆಂದು ಗೊತ್ತಿತ್ತು. ಆದರೂ ಮನೆಗೆ ಹೋಗುವಾಗ ಮನಸ್ಸು ಹಗುರಾಗಿತ್ತು.

ಈಗ ಗುರುವಾರ. ತಡೆಯಲಾರದೆ ಲಾಗಿನ್ ದಾಖಲೆ ತೆರೆದಳು. ಮೇಷ್ಟ್ರು ಒಂಬತ್ತು ಮೂವತ್ತೆಂಟಕ್ಕೆ, ಮೊದಲ ಸಲಕ್ಕೇ, ಸರಿಯಾಗಿ ಒಳಗೆ ಹೋಗಿದ್ದರು.

ಕೇಬಲ್ ನೋಡುವ ನೆಪದಲ್ಲಿ ಮೂರು ಮಹಡಿ ಹತ್ತಿದಳು. ಅವಳನ್ನು ಕಂಡದ್ದೇ ಮೇಷ್ಟ್ರು ತಡಬಡಿಸಿ, ಕಂಪ್ಯೂಟರಿನ ಅಂಚಿಗೆ ಅಂಟಿಸಿದ್ದ ಹಳದಿ ಚೀಟಿಯನ್ನು ಅಂಗೈಯಿಂದ ಮುಚ್ಚಿದರು. ಪಾಸ್‌ವರ್ಡು ಬರೆದಿಡಬೇಡಿ ಎಂದು ಆರು ವರ್ಷದಿಂದ ಹೇಳಿ ಹೇಳಿ ಅವಳ ಬಾಯಿ ನೋಯುತ್ತಿತ್ತು.

"ಬೈಬೇಡಮ್ಮಾ," ಎಂದರು. "ಆ ಮೊಬೈಲ್ ಅಂಕಿ ನನ್ನ ತಲೆಗೆ ಹತ್ತಲಿಲ್ಲ. ಇಷ್ಟೆಲ್ಲ ಮಾಡಿದ್ದೀಯ ಅಂದ್ರೆ, ನನ್ನ ಕಾಟ ನಿಂಗೆ ಎಷ್ಟು ಸಾಕಾಗಿರಬೇಕು ಅನ್ನಿಸ್ತು. ಇನ್ನು ನಿನಗೆ ತೊಂದರೆ ಕೊಡಲ್ಲ."

ಸಾಕಾಗಿರಲಿಲ್ಲ ಎನ್ನಲು ಬಾಯಿ ತೆರೆದಳು. ಆದರೆ ಅವರ ಮುಖದಲ್ಲಿ ಉಪಕಾರ ಮಾಡಿದವರ ಖುಷಿ ಇತ್ತು. ಪಾಠಕ್ಕೆ ಹೊತ್ತಾಯಿತೆಂದು ಅವರು ಪುಸ್ತಕ ಎತ್ತಿಕೊಂಡು ಹೊರಟೇಬಿಟ್ಟರು. ತಿಂಡಿಯ ಮಾತು ಬರಲಿಲ್ಲ.

ನಿಯಮದ ಪ್ರಕಾರ ಚೀಟಿಯನ್ನು ಕಿತ್ತುಹಾಕಬೇಕು. ಕಿತ್ತರೆ ನಾಳೆ ಫೋನು ಬರುತ್ತದೆ. ಚೀಟಿಯ ಒಂದು ಮೂಲೆ ಆಗಲೇ ಅಂಟು ಬಿಟ್ಟು ಮೇಲೆದ್ದಿತ್ತು. ಅವಳು ಹೆಬ್ಬೆರಳಿನಿಂದ ಆ ಮೂಲೆಯನ್ನು ಒತ್ತಿ ಅಂಟಿಸಿ, ಕೆಳಗಿಳಿದಳು.