ಎಡಗಾಲಿನ ಬೂಟು

ಅರ್ನಪಿಕ್ ಮುದುಕಿ ಕಣ್ಣು ಮುಚ್ಚಿಕೊಂಡೇ ಬೂಟು ಹೊಲಿಯುತ್ತಾಳೆ ಎಂದು ಆ ಹಿಮನಾಡಿನ ಬೀಡಿನವರೆಲ್ಲ ಕೊಂಡಾಡುತ್ತಿದ್ದರು. ಕೊಬ್ಬಿನ ದೀಪದ ಮುಂದೆ ಕಾಲು ಚಾಚಿ ಕೂತು, ಬೇಟೆಗಾರರಿಗೆ ಸೀಲುಗಳನ್ನು ಕಳಿಸಿಕೊಡುವ ಕಡಲ ತಳದ ತಾಯಿಯ ಕತೆ ಹೇಳುತ್ತ, ರೆಪ್ಪೆ ಮುಚ್ಚಿ ಸೂಜಿ ಆಡಿಸುತ್ತಿದ್ದಳು. ಅಯ್ಯೋ, ಮುಚ್ಚಿದರೂ ತೆರೆದರೂ ಅವಳಿಗೆ ಒಂದೇ ಆಗಿ ಮೂರು ಚಳಿಗಾಲ ಕಳೆದಿತ್ತು. ಅದು ಗೊತ್ತಿದ್ದದ್ದು ಸೊಸೆ ಮಿಟಿಕ್‌ಗೆ ಮಾತ್ರ.

ಸೀಲಿನ ತೊಗಲಿಗೆ ಸೂಜಿ ಅರ್ಧ ದಪ್ಪದವರೆಗೆ ಮಾತ್ರ ಇಳಿಯಬೇಕು. ಆಚೆ ತೂರಿತೋ, ಆ ತೂತಿನಲ್ಲಿ ನೀರು ಒಳಗೆ ಬರುತ್ತದೆ. ಕಾಲು ಒದ್ದೆಯಾದ ಬೇಟೆಗಾರ ಮನೆಗೆ ಬಂದರೆ ಬಂದ, ಇಲ್ಲವಾದರೆ ಇಲ್ಲ. ಅತ್ತೆಯ ಸೂಜಿ ಈಗೀಗ ಆಚೆ ತೂರುತ್ತಿತ್ತು. ಕತೆ ಮುಗಿಸಿ ಅವಳು ತೂಕಡಿಸಿದ್ದೇ ತಡ, ಮಿಟಿಕ್ ಕೆಟ್ಟ ಹೊಲಿಗೆ ಬಿಚ್ಚಿ, ಅಂಚು ಸವರಿ, ಸದ್ದಿಲ್ಲದೆ ಮತ್ತೆ ಹೊಲಿದಿಡುತ್ತಿದ್ದಳು. ಹೇಳಿಬಿಟ್ಟರೆ ಮುದುಕಿ ಸೂಜಿ ಕೆಳಗಿಡುತ್ತಾಳೆ, ಸೂಜಿ ಇಟ್ಟಮೇಲೆ ಊಟಕ್ಕೂ ನಾಚುತ್ತಾಳೆ. ತಾಯಿಯಿಲ್ಲದ ತನಗೆ ಬೆರಳು ಹಿಡಿದು ಹೊಲಿಗೆ ಕಲಿಸಿದವಳು ಅವಳು. ಅವಳ ಮಾನ ಉಳಿಯಲಿ ಎಂಬುದಷ್ಟೇ ಮಿಟಿಕ್‌ಳ ಆಸೆ.

ಆ ವಸಂತದಲ್ಲಿ ಮಿಟಿಕ್ ಹೆಣ್ಣು ಹೆತ್ತಳು. ಬಾಣಂತಿ ಬೇರೆಯಾಗಿ, ಪುಟ್ಟ ಹಿಮದ ಗೂಡಿನಲ್ಲಿರಬೇಕು. ಯಾರ ಉಡುಪಿಗೂ ಸೂಜಿ ಹಾಕಬಾರದು. ಮೀರಿದರೆ ಇಡೀ ಬೀಡಿಗೆ ಬೇಟೆ ಸಿಗುವುದಿಲ್ಲ. ಮೂರನೇ ದಿನ ಗಂಡ ಕುಬ್ಲು ಗೋಡೆಯಾಚೆ ಬಂದು ನಿಂತ.

"ಏನೇ, ನನ್ನ ಮಗಳು ಅಳ್ತಾಳೋ, ಇಲ್ಲ ನಿನ್ ಥರ ಮೂತಿ ಊದಿಸ್ಕೊಂಡು ಮಲಗಿರ್ತಾಳೋ?"

"ನಿನ್ ಥರ ಬರೀ ತಿಂತಾಳೆ."

"ತಿನ್ಲಿ ಬಿಡು. ಅವ್ವ ಹೊಸ ಬೂಟು ಕೊಟ್ಟಿದಾಳೆ. ಸೀಲ್ ಹೊಡ್ಕೊಂಡ್ ಬರ್ತೀನಿ."

ಆ ಬೂಟನ್ನು ಮಿಟಿಕ್ ತಿದ್ದಿರಲಿಲ್ಲ. "ಹಳೇದೇ ಹಾಕ್ಕೊಂಡೋಗು."

"ಹಳೇದನ್ನ ನಾಯಿಗಳು ತಿಂದ್ಹಾಕಿದ್ವು."

"ಹಂಗಾದ್ರೆ ನಾಕು ದಿನ ತಡ್ಕೊ. ಮಂಜುಗಡ್ಡೆ ಎಲ್ಲಾ ಬಿರುಕು ಬಿಟ್ಟಿದೆ, ನೀರಿದೆ."

"ಯಾಕೇ," ಎಂದು ಅತ್ತೆಯ ದನಿ ನಕ್ಕಿತು. ಅವಳೂ ಅಲ್ಲೇ ನಿಂತಿದ್ದಳು. "ನನ್ನ ಹೊಲಿಗೆ ಮೇಲೆ ನಂಬಿಕೆ ಇಲ್ವಾ? ನಿನಗೆ ಸೂಜಿ ಹಿಡಿಯೋದು ಕಲಿಸಿದ್ದು ಯಾರೇ?"

ಒಂದು ಮಾತು ಸಾಕಿತ್ತು. ತುಟಿಯವರೆಗೆ ಬಂದದ್ದನ್ನು ಮಿಟಿಕ್ ನುಂಗಿಕೊಂಡಳು.

"ನೀವೇ ಅತ್ತೆ," ಎಂದಳು. ಕುಬ್ಲು ನಾಯಿಗಳನ್ನು ಕೂಗುತ್ತ ಹೊರಟುಹೋದ.

ಐದು ದಿನಗಳ ಮೇಲೆ ಅತ್ತೆಯ ತಮ್ಮ ನತ್ಸಿಕ್ ಕುಬ್ಲುವಿನ ಹೆಣವನ್ನು ಜಾರುಬಂಡಿಯಲ್ಲಿ ಹೇರಿಕೊಂಡು ತಂದ. ಎಡಗಾಲು ಒದ್ದೆಯಾಗಿ ಮರಗಟ್ಟಿ, ನಡೆಯಲಾಗದೆ, ಗಾಳಿಗೆ ಸಿಕ್ಕಿ ಸತ್ತಿದ್ದ. ಹೊಲಿಗೆಯ ತೂತು ಕಂಡ ನತ್ಸಿಕ್ ಎಡಗಾಲಿನ ಬೂಟನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಾಣಂತಿಯ ಗೂಡಿನ ಬಾಯಿಗೆ ಬಂದ.

"ಅಕ್ಕ ಇದನ್ನ ಕೇಳ್ತಿದಾಳೆ ಮಿಟಿಕ್. ಬಾಯಿ ಹಚ್ಚಿ ಊದ್ತಾಳಂತೆ. ಊದಿದ ಗಾಳಿ ಒಳಗೇ ನಿಂತ್ರೆ ಅವನ ಹಣೆಬರಹ, ಸೋರಿದ್ರೆ ಮಗನ್ನ ನಾನೇ ಕೊಂದೆ ಅಂತಾಳೆ."

ಮಿಟಿಕ್ ಬೂಟಿನೊಳಗೆ ಕೈ ಹಾಕಿದಳು. ಮುಂಬದಿಯ ನೆರಿಗೆಯಲ್ಲಿ ಸೂಜಿ ಐದು ಕಡೆ ಆಚೆ ತೂರಿತ್ತು. ಮೂರು ಚಳಿಗಾಲ ತಾನು ತಿದ್ದಿದ್ದು ಇದನ್ನೇ. ಬೂಟನ್ನು ಎದೆಗೆ ಒತ್ತಿಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಮಾವ, ಒಂಚೂರು ಹೊತ್ತು ಕೊಡಿ."

ನತ್ಸಿಕ್‌ಗೆ ಅರ್ಥವಾಯಿತು. ಬಾಣಂತಿ ಬೇರೆ, ಸಾವಿನ ಸೂತಕ ಬೇರೆ. ಸೂಜಿಯ ಹೆಸರೂ ಎತ್ತಬಾರದು. "ನಾನು ನಾಯಿಗೆ ಹಾಕ್ಬಿಟ್ಟು ಬರ್ತೀನಿ," ಎಂದು ಬೆನ್ನು ತಿರುಗಿಸಿದ.

ಬಿಸಿಲು ಹಿಮದ ಗೋಡೆಯನ್ನು ಹಾಯ್ದು ಒಳಗೆಲ್ಲ ಬೆಳಕಾಗಿತ್ತು. ಮಿಟಿಕ್ ಹಿಮಜಿಂಕೆಯ ನರದ ಎಳೆಯನ್ನು ಬಾಯಲ್ಲಿ ನೆನೆಸಿ, ಅಂಚು ಸವರಿ ಹೊಲಿದಳು. ಪಕ್ಕದಲ್ಲಿ ಮಗು ನಿದ್ರಿಸುತ್ತಿತ್ತು. ಸತ್ತ ಗಂಡನ ಬೂಟಿಗೆ ನೀರು ಬಾರದಂತೆ ಹೊಲಿಯುವ ಹೆಂಡತಿ ಈ ಲೋಕದಲ್ಲಿ ಇನ್ನೊಬ್ಬಳು ಇದ್ದಾಳೋ ಇಲ್ಲವೋ.

ಬೂಟು ಮರಳಿಸಿದ ಸ್ವಲ್ಪ ಹೊತ್ತಿಗೆ ಹೊರಗಿನಿಂದ ನತ್ಸಿಕ್‌ನ ದನಿ ಕೇಳಿತು. "ಗಾಳಿ ನಿಂತಿದೆ ಅಕ್ಕ. ಎಲ್ಲರೂ ನೋಡಿ, ನಿಂತಿದೆ." ನೆರೆದವರು ಸಮಾಧಾನದ ಉಸಿರು ಬಿಟ್ಟರು.

ಕುಬ್ಲುವಿನ ಹೆಣದ ಮೇಲೆ ಸಮಾಧಿಯ ಕಲ್ಲು ಪೇರಿಸಿ ಜನ ಚದುರಿದ ಮೇಲೆ, ಕಟ್ಟಳೆಯನ್ನು ಲೆಕ್ಕಿಸದೆ ಅರ್ನಪಿಕ್ ತೆವಳಿಕೊಂಡು ಗೂಡಿನೊಳಗೆ ಬಂದಳು.

"ಊದೋವಾಗ ನಾಲಿಗೆ ತಾಗ್ತು ಕಣೇ," ಎಂದಳು. "ಬೂಟೆಲ್ಲಾ ಕಡಲ ಉಪ್ಪು. ಆ ನೆರಿಗೆ ಹೊಲಿಗೆ ಮಾತ್ರ ಸಪ್ಪೆ, ಕಡಲು ಮುಟ್ಟದ ಎಳೆ."

ಮಿಟಿಕ್ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಷ್ಟು ದಿನದಿಂದ ತಿದ್ತಿದ್ದೆ?"

"ಮೂರು ಚಳಿಗಾಲ ಅತ್ತೆ."

ಮುದುಕಿ ಒಂದೊಂದಾಗಿ ಮೂರು ಬೆರಳು ಮಡಚಿದಳು. "ಮೂರು ಚಳಿಗಾಲ ನಿನ್ನ ಹೊಲಿಗೇಲಿ ಬದುಕಿದ್ದ. ನನ್ನ ಹೊಲಿಗೇಲಿ ಒಂದು ಬೇಟೆ." ಆಮೇಲೆ ಕೇಳಿದಳು, "ಒಂದು ಮಾತು ಹೇಳಬಾರದಿತ್ತೇನೇ ತಾಯಿ?"

"ಬಾಯಿ ಬರ್ಲಿಲ್ಲ ಅತ್ತೆ. ನೀವು ಅಲ್ಲೇ ಇದ್ರಿ." ಇಬ್ಬರೂ ಅತ್ತರು. ಯಾರು ಯಾರನ್ನು ಕ್ಷಮಿಸಬೇಕೋ ಇಬ್ಬರಿಗೂ ತಿಳಿಯಲಿಲ್ಲ.

"ಕೊಡು ನನ್ನ ಮಗನ್ನ," ಎಂದು ಕೊನೆಗೆ ಮುದುಕಿ ಕೈ ಚಾಚಿದಳು. ಸತ್ತವರ ಹೆಸರನ್ನು ಕೂಸಿಗಿಟ್ಟರೆ ಅವರೇ ಮರಳಿ ಬರುತ್ತಾರೆ ಎಂಬುದು ಬೀಡಿನವರ ನಂಬಿಕೆ. ಸತ್ತವನ ಹೆಸರು ಹೊತ್ತದ್ದು ಹೆಣ್ಣುಮಗುವಾದರೇನು, ಇನ್ನು ಅದೇ ಕುಬ್ಲು. ಅವಳು ಮಗುವಿನ ಎಡಗಾಲಿನ ಐದು ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ಕೊರಳಲ್ಲಿದ್ದ, ಸೂಜಿ ಇಡುವ ಕೊಳವೆಯನ್ನು ಬಿಚ್ಚಿ ಸೊಸೆಯ ಮಡಿಲಿಗೆ ಹಾಕಿದಳು.

"ಇವನ ಕಾಲಿಗೆ ನೀನೇ ಹೊಲಿ. ನಾನು ಕತೆ ಹೇಳ್ತೀನಿ, ಅಷ್ಟೇ."

ಹೇಳಲು ಬಾಯಿ ತೆರೆದಳು. ಕಡಲ ತಳದ ತಾಯಿಯ ಹೆಸರಿನವರೆಗೆ ಬಂದಳು, ಮುಂದಕ್ಕೆ ಹೋಗಲು ಅವಳಿಂದ ಆಗಲಿಲ್ಲ.