ಒಂದು ಬುಟ್ಟಿ ಹೂಳು

ಶಿವಯೋಗೆಪ್ಪನನ್ನು ಮಣ್ಣು ಮಾಡಿ ಬಂದವರು ಮೀಯಲೆಂದು ಹೊಂಡದ ಮೆಟ್ಟಿಲಿಳಿಯುವ ಮೊದಲೇ ಅವನ ಹೆಂಡತಿ ಗುರುಬಸವ್ವ ಅಡ್ಡ ಕುಳಿತು, ಗಂಡನ ಬುಟ್ಟಿಯನ್ನು ಮುಂದಿಟ್ಟಳು.

"ಇವತ್ತರ ಬಿಡಬೇ ಯಕ್ಕಾ," ಎಂದ ಗಾಡಿ ಹೊಡೆಯುವ ಇಸ್ಮಾಯಿಲ.

"ಅಂವ ಯಾವತ್ತರ ಬಿಟ್ಟಿದ್ನೇನು?"

"ಎಲ್ಲಿ ಬಿಟ್ಟಾನ? ನನ್ನ ಎತ್ತು ಕುಡದದ್ದಕ್ಕೂ ನನ್ನ ಕಡೇನ ಹೊರಿಸ್ಯಾನ."

ಯಾರೋ ನಕ್ಕು, ಸಾವಿನ ದಿನವೆಂದು ನೆನಪಾಗಿ ಸುಮ್ಮನಾದರು. ಇಸ್ಮಾಯಿಲ ಮೊದಲು ಹೂಳು ಹೊತ್ತು ದಂಡೆಗೆ ಸುರಿದ. ಒಬ್ಬೊಬ್ಬರಾಗಿ ಎಲ್ಲರೂ ಹೊತ್ತು ಮೈಮೇಲೆ ನೀರು ಹಾಕಿಕೊಂಡರು. ಉಳಿದವನು ಬಿಳಿಯ ರುಮಾಲಿನ ಸಿದ್ದರಾಯಗೌಡನೊಬ್ಬನೇ. ಮಣ್ಣಿಗೆ ಹೋದವನು ಮೀಯದೆ ಮನೆಯ ಹೊಸ್ತಿಲು ದಾಟುವಂತಿಲ್ಲ. ಆ ಬೇಸಿಗೆಯಲ್ಲಿ ಬಿಜ್ಜರಗಿಯಲ್ಲಿ ಬೇರೆ ನೀರಿರಲಿಲ್ಲ.

*

ಶಿವಯೋಗೆಪ್ಪ ಟಿಕೋಟೆಯ ಶಾಲೆಯಲ್ಲಿ ಗಂಟೆ ಬಾರಿಸುವ ಜವಾನನಾಗಿದ್ದ. ೧೯೪೦ರಲ್ಲಿ, ಹೂಳು ತುಂಬಿ ಜಾಲಿ ಬೆಳೆದಿದ್ದ ಈ ಹೊಂಡವನ್ನು ಒಬ್ಬನೇ ತೋಡತೊಡಗಿದ. ನೀರು ಕಂಡ ಮೇಲೆ ಒಂದೇ ನಿಯಮ ಮಾಡಿದ: ಕುಡಿದವರು ಒಂದು ಬುಟ್ಟಿ ಹೂಳು ಹೊರಬೇಕು. ಅಥಣಿ ರಸ್ತೆಯ ಪ್ರಯಾಣಿಕರೂ ಹೊತ್ತರು. ಆರನೆಯ ಚಳಿಗಾಲಕ್ಕೆ ಬಾತುಗಳು ಇಳಿದವು. ನೋಡಲು ವಿಜಾಪುರದಿಂದ ಜನ ಬಂದರು.

"ಹಕ್ಕಿಗೆ ಬುಟ್ಟಿ ಇಲ್ಲೇನಪಾ?" ಎಂದು ಯಾರಾದರೂ ಕೆಣಕಿದರೆ, "ಅವು ಕುಡದು ಹೋಗತಾವ, ತೋಟಾ ಮಾಡಂಗಿಲ್ಲಪಾ," ಎನ್ನುತ್ತಿದ್ದ.

ಶಿವಯೋಗೆಪ್ಪ ಸತ್ತ ಈ ಬೇಸಿಗೆಯಲ್ಲಿ ಗೌಡನ ಬಾವಿ ಬತ್ತಿತು. ತನ್ನ ಲಿಂಬೆಯ ತೋಟಕ್ಕೆ ನೀರು ಹರಿಸಲು ಅವನು ಹಾಡುಹಗಲೇ ಹೊಂಡದ ದಂಡೆ ಒಡೆಸಿದ. ಊರು ನೋಡುತ್ತ ನಿಂತಿತು. ನಿಂತವರಿಗೂ ಆ ಪಾಪದಲ್ಲಿ ಪಾಲಿತ್ತು. ಹೊಂಡದಲ್ಲಿ ತಳದ ನೀರಷ್ಟೇ ಉಳಿಯಿತು. ವಿಚಾರಣೆಗೆ ಬಂದ ಅಧಿಕಾರಿಗಳು ಗೌಡನ ಪಡಸಾಲೆಯಲ್ಲಿ ಉಂಡು ಹೋದರು. ಅರವತ್ತು ದಾಟಿದ ಶಿವಯೋಗೆಪ್ಪ ಒಬ್ಬನೇ ಕಲ್ಲು ಹೊತ್ತು ಒಡಕು ಮುಚ್ಚತೊಡಗಿದ. ಮೂರನೆಯ ದಿನ ಅಲ್ಲೇ ಎದೆ ಹಿಡಿದು ಬಿದ್ದ.

*

"ಊರಗೌಡನ ತಲಿಮ್ಯಾಲ ಬುಟ್ಟಿ ಇಡತೀಯೇನಬೇ?" ಗೌಡನ ದನಿ ಗಡಸಾಗಿತ್ತು.

"ಹೊರಬ್ಯಾಡ್ರಿ. ಹಂಗ ಮನಿಗಿ ಹೋಗ್ರಿ. ಗೌಡ್ತ್ಯಾರು ಒಳಗ ಕರಕೊಂಡ್ರ, ಈ ಬುಟ್ಟಿ ನಾನ ಸುಡತೇನಿ."

ಗೌಡ ತನ್ನ ಆಳುಗಳತ್ತ ನೋಡಿದ. ಅವರು ತಮ್ಮ ಪಾಲು ಹೊತ್ತು ಮುಖ ತೊಳೆಯುತ್ತಿದ್ದರು. ಕೊನೆಗೆ ಅವನು ಬಗ್ಗಿದ. ಇಸ್ಮಾಯಿಲ ಬುಟ್ಟಿಯನ್ನು ಗೋಪುರವಾಗಿ ತುಂಬಿ ಅವನ ತಲೆಗೇರಿಸಿದ. ಗೌಡ ಎಲ್ಲರೂ ಸುರಿದ ಕಡೆಗೆ ನಡೆದ.

"ಅಲ್ಲಿ ಅಲ್ಲರಿ," ಎಂದಳು ಗುರುಬಸವ್ವ. "ನೀವು ಒಡಿಸಿದಲ್ಲಿ ಹಾಕ್ರಿ."

ಗೌಡ ಒಡಕಿಗೆ ಸುರಿದು ಬಂದು, ಬುಟ್ಟಿ ಕೆಳಗಿಟ್ಟು ನೀರಿನತ್ತ ಹೆಜ್ಜೆ ಹಾಕಿದ. ಅವಳು ಕದಲಲಿಲ್ಲ. ಒಡಕನ್ನು ಬಹಳ ಹೊತ್ತು ನೋಡಿದಳು. ಬಳಿಕ ಖಾಲಿ ಬುಟ್ಟಿಯನ್ನು ಕಾಲಿನಿಂದ ಅವನ ಮುಂದಕ್ಕೆ ಸರಿಸಿದಳು.

"ಇನ್ನೂ ತುಂಬಿಲ್ಲರಿ."

ರುಮಾಲಿನಿಂದ ಇಳಿದ ಕರಿಯ ರಾಡಿ ಗೌಡನ ಮೀಸೆ ದಾಟಿತ್ತು. ದಂಡೆಯ ಮೇಲೆ, ಒದ್ದೆ ಬಟ್ಟೆಯಲ್ಲಿ, ಮನೆಗೆ ಹೋಗದೆ, ಊರು ನೋಡುತ್ತ ನಿಂತಿತ್ತು.