ಮಾವನ ವಾಕ್ಯಗಳು

2025ರ ಮಾರ್ಚ್ 11, ಮಂಗಳವಾರ, ಸಂಜೆ ಐದು ಮುಕ್ಕಾಲು. ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬಿಳಿ ಬೋರ್ಡಿನ ಮೇಲೆ ‘ವಿತ್’ ಎಂದು ಬರೆದು ತಿರುಗಿದಾಗ, ಕೊನೆಯ ಮೇಜಿನ ಹತ್ತಿರ ಅವನ ಮಾವ ಕೂತಿದ್ದರು. ಬಾಯ್ಲರ್ ವಿಭಾಗದ ನೀಲಿ ಅಂಗಿ, ಮೊಣಕೈವರೆಗೆ ಮಡಿಸಿದ ತೋಳು, ಎದೆಯ ಜೇಬಿನಲ್ಲಿ ಹೊಸ ಪೆನ್ನು.

ಬಾಯ್ಲರ್‌ನವರಿಗೆ ಇನ್ನೊಬ್ಬ ಮೇಷ್ಟ್ರು ಬೇರೆ ದಿನ ಪಾಠ ಮಾಡುತ್ತಿದ್ದರು. ಅವರು ಕೆಲಸ ಬಿಟ್ಟದ್ದರಿಂದ ಎರಡು ತಂಡಗಳನ್ನು ಒಂದು ಮಾಡಿದ್ದರು. ಮಧ್ಯಾಹ್ನ ಆದ ತೀರ್ಮಾನ ಅದು, ಅಳಿಯನಿಗೆ ಯಾರೂ ತಿಳಿಸಿರಲಿಲ್ಲ.

ಅವರಿಬ್ಬರ ಸಂಬಂಧ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸ ಸಿಗದೆ ಹೆಂಡತಿಯ ಮನೆಯಲ್ಲೇ ಉಳಿದಿದ್ದ ಅಳಿಯನಿಗೆ ಈ ಪಾಠದ ಕೆಲಸ ಕೊಡಿಸಿದ್ದು ಮಾವನೇ. ಸಿಬ್ಬಂದಿ ಅಧಿಕಾರಿಯ ಮುಂದೆ ನಿಂತು, ಗುರುತಿನ ಹುಡುಗ ಎಂದಷ್ಟೇ ಒಂದು ಮಾತು ಹೇಳಿದ್ದರು. ಆದರೆ ಅಳಿಯ ಒಂದು ಷರತ್ತು ಹಾಕಿದ್ದ: ನಾವು ಸಂಬಂಧಿಕರು ಅನ್ನೋದು ಹೊರಗೆ ಬರಬಾರದು, ಶಿಫಾರಸಿನ ಮೇಷ್ಟ್ರು ಅನ್ನುತ್ತಾರೆ. ಮಾವ ಒಪ್ಪಿದ್ದರು. ಅಂದಿನಿಂದ ಕಾರ್ಖಾನೆಯ ಗೇಟಿನಲ್ಲಿ ಎದುರಾದರೂ ಮುಖ ತಿರುಗಿಸಿ ಹೋಗುತ್ತಿದ್ದರು.

ಈಗ ಮಾವನಿಗೂ ಇಂಗ್ಲಿಷ್ ಬೇಕಾಗಿತ್ತು. ಹಳೆಯ ಬಾಯ್ಲರ್ ಹೋಗಿ ಹೊಸದು ಬರುತ್ತಿತ್ತು. ಅದರ ಪರದೆಯ ಮೇಲಿನ ಬರಹವೆಲ್ಲ ಇಂಗ್ಲಿಷ್, ಅದನ್ನು ಕೂರಿಸಲು ಬರುವ ಇಂಜಿನಿಯರುಗಳು ಆಡುವುದೂ ಇಂಗ್ಲಿಷ್. ಮುಂದಿನ ಬುಧವಾರ ಮೌಖಿಕ ಪರೀಕ್ಷೆ. ಪಾಸಾದವರಿಗೆ ಕಂಟ್ರೋಲ್ ರೂಮು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಕಿಯ ಮುಂದೆ ನಿಂತಿದ್ದ ಮಾವ, ನಿವೃತ್ತಿಗೆ ಮುಂಚೆ ಆ ಕುರ್ಚಿಯಲ್ಲಿ ಕೂರಬೇಕು ಎಂದು ಮಗಳ ಹತ್ತಿರ ಹೇಳಿಕೊಂಡಿದ್ದರು. ಬೇರೆ ಯಾವುದಕ್ಕೂ ಅವರು ಹಾಗೆ ಆಸೆಪಟ್ಟದ್ದನ್ನು ಮನೆಯವರು ಕಂಡಿರಲಿಲ್ಲ.

ಅವರನ್ನು ಅಲ್ಲಿ ಕಂಡು ಅಳಿಯ ಬೆದರಿದ್ದಕ್ಕೆ ಕಾರಣ ಬೇರೆಯೇ ಇತ್ತು.

ಪಾಠ ಶುರುವಾದ ಮೊದಲ ವಾರ ಅವನು ಬೆವರಿ ಹೋಗಿದ್ದ. ಪೆಟ್ಟಿಗೆ ಕಟ್ಟುವ ವಿಭಾಗದ ಹೆಂಗಸರು, ಲಾರಿ ತುಂಬುವವರು ಆಕಳಿಸುತ್ತ ಕೂತಿದ್ದರು. ಆಗ ಏನೋ ಹೊಳೆದು, ಮಾವ ಟೀ ಕುಡಿಯುವ ಸದ್ದಿನ ಮೇಲೆ ಒಂದು ವಾಕ್ಯ ಕಟ್ಟಿದ. ತರಗತಿ ನಕ್ಕಿತು. ಆ ನಗುವಿನ ರುಚಿ ಹತ್ತಿತು. ಆಮೇಲೆ ಪ್ರತಿ ಪಾಠಕ್ಕೂ ಒಂದು ಮಾವನ ವಾಕ್ಯ. ‘ಆನ್’, ‘ಅಂಡರ್’, ‘ಬಿಹೈಂಡ್’ ಎಲ್ಲ ಮಾವನ ಬೆನ್ನ ಮೇಲೇ ದಾಟಿದವು. ‘ವಿತ್’ ಶುರುವಾದ ಮೇಲಂತೂ ಕೈಗೆ ಸಿಕ್ಕಿದ್ದೆಲ್ಲ ಬಳಸಿದ. ಅದು ಕಲಿಯುವವರನ್ನು ಕಾಡುವ ಪದ. ‘ಜೊತೆ’ ಎಂದು ಬಾಯಿಪಾಠ ಮಾಡಿದವರು ‘ಚಾಕುವಿನ ಜೊತೆ ಹಣ್ಣು ಕತ್ತರಿಸಿದೆ’ ಅನ್ನುತ್ತಾರೆ. ಕನ್ನಡದಲ್ಲಿ ನಾವು ಜೊತೆಗಾರನಿಗೆ ಒಂದು ರೂಪ, ಉಪಕರಣಕ್ಕೆ ಇನ್ನೊಂದು, ಇರುವ ವಸ್ತುವಿಗೆ ಮತ್ತೊಂದು, ಮಾಡುವ ರೀತಿಗೆ ಬೇರೊಂದು ಇಟ್ಟುಕೊಂಡಿದ್ದೇವೆ. ಇಂಗ್ಲಿಷ್ ಇವೆಲ್ಲಕ್ಕೂ ಒಂದೇ ಪದ ಕೊಟ್ಟು ಸುಮ್ಮನಾಗುತ್ತದೆ. ಇದನ್ನು ಬಿಡಿಸಿ ಹೇಳಲು ಮಾವನಿಗಿಂತ ಒಳ್ಳೆಯ ಉದಾಹರಣೆ ಇರಲಿಲ್ಲ.

ಅಂದು ಅವನು ಮಾವನ ಸುದ್ದಿಯೇ ಎತ್ತದೆ, ಚಮಚ, ಛತ್ರಿ ಎಂದು ಸಪ್ಪೆ ಉದಾಹರಣೆ ಕೊಡತೊಡಗಿದ. ಪೆಟ್ಟಿಗೆ ವಿಭಾಗದಲ್ಲಿ ರೇಡಿಯೋ ಎಂದೇ ಹೆಸರಾದ ಹೆಂಗಸು ತಡೆಯಲಾರದೆ ಕೇಳಿದಳು.

“ಸರ್, ಇವತ್ತು ಮಾವನಿಗೆ ರಜಾನಾ?”

ಎಲ್ಲರೂ ನಕ್ಕರು. ಅವಳು ಕೊನೆಯ ಮೇಜಿನ ಕಡೆ ತಿರುಗಿದಳು. “ಬಾಯ್ಲರ್ ಅಣ್ಣ, ನೀವು ಹೊಸಬರು. ಸರ್ ಮಾವನ ಕಥೆ ಗೊತ್ತಿಲ್ದೆ ಇಲ್ಲಿ ಇಂಗ್ಲಿಷ್ ತಲೆಗೆ ಹತ್ತಲ್ಲ.”

“ಹೇಳಮ್ಮ, ಕೇಳೋಣ,” ಅಂದರು ಮಾವ.

ಅವಳು ಎದ್ದು ನಿಂತು, ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಮಾವ ಸದ್ದು ಮಾಡಿಕೊಂಡು ಟೀ ಹೀರುತ್ತಾರೆ, ವಿತ್ ಎ ಸೌಂಡ್. ಬಚ್ಚಲಿನ ನಲ್ಲಿಯ ಜೊತೆ ಜಗಳ ಆಡುತ್ತಾರೆ, ವಿತ್ ದ ಟ್ಯಾಪ್. ಅಳಿಯನ ಅಳತೆಪಟ್ಟಿಯಿಂದ ಬೆನ್ನು ಕೆರೆದುಕೊಳ್ಳುತ್ತಾರೆ, ವಿತ್ ಮೈ ಸ್ಕೇಲ್. ಎಲ್ಲಕ್ಕಿಂತ ಜಾಸ್ತಿ ಚಪ್ಪಾಳೆ ಗಿಟ್ಟಿಸಿದ್ದನ್ನು ಕೊನೆಗೆ ಇಟ್ಟುಕೊಂಡಿದ್ದಳು: “ಹೀ ಈಸ್ ಎ ಮ್ಯಾನ್ ವಿತ್ ಹಿಸ್ ಟೀತ್ ಇನ್ ಎ ಗ್ಲಾಸ್.” ಹಲ್ಲನ್ನು ಲೋಟದಲ್ಲಿಟ್ಟು ಮಲಗುವ ಮನುಷ್ಯ.

ಮಾವನಿಗೆ ಹಲ್ಲಿನ ಸೆಟ್ಟು ಇದೆ ಎಂಬುದು ಮನೆಯ ಮೂವರನ್ನು ಬಿಟ್ಟರೆ ಹಲ್ಲಿನ ಡಾಕ್ಟರಿಗೆ ಮಾತ್ರ ಗೊತ್ತಿತ್ತು. ಅವರು ತುಟಿ ಮುಚ್ಚಿಕೊಂಡೇ ನಕ್ಕರು. “ಭಾರಿ ಮನುಷ್ಯ ಕಣಮ್ಮ ನಿಮ್ಮ ಸರ್ ಮಾವ,” ಅಂದರು.

ಪದ್ಧತಿಯಂತೆ ಹೊಸಬರು ಒಂದು ವಾಕ್ಯ ಹೇಳಬೇಕಿತ್ತು. ಮಾವ ಎದ್ದು, ಪೆನ್ನು ಮುಟ್ಟಿ ನೋಡಿಕೊಂಡು, ನಿಧಾನವಾಗಿ ಹೇಳಿದರು: “ಐ ವರ್ಕ್ ವಿತ್ ಫೈರ್.” ಚೆನ್ನಾಗಿತ್ತು. ಲಾರಿಯವರು ಮೇಜು ತಟ್ಟಿದರು. ರೇಡಿಯೋ ಅಷ್ಟಕ್ಕೇ ಬಿಡಲಿಲ್ಲ. ಮನೆಯಲ್ಲಿ ಯಾರ ಜೊತೆ ಇದ್ದೀರಿ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಮಗಳ ಜೊತೆ ಎಂದು ಅವರೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು.

“ಅಳಿಯ ಇಲ್ವಾ ಅಣ್ಣ?”

ಮಾವ ಬೋರ್ಡಿನ ಕಡೆ ನೋಡಲಿಲ್ಲ. “ನೋ ಸನ್-ಇನ್-ಲಾ,” ಅಂದು ಕೂತರು.

ಕೊಟ್ಟ ಮಾತು ಉಳಿಸಲು ಆಡಿದ ಸುಳ್ಳು ಅದು. ಅಳಿಯ ಬೋರ್ಡು ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿದ. ಒರೆಸಲು ಏನೂ ಉಳಿಯದಿದ್ದರೂ ಒರೆಸುತ್ತಲೇ ಇದ್ದ.

ಮನೆಯಲ್ಲಿ ಮಾವ ಎಂದಿನಂತೆ ಊಟ ಮಾಡಿ, ಟಿವಿಯಲ್ಲಿ ವಾರ್ತೆ ನೋಡಿ, ತಮ್ಮ ಕೋಣೆಗೆ ಹೋದರು. ಮರುದಿನ ಮುಖ ತೊಳೆಯಲು ಹೋದ ಅಳಿಯ ಬಚ್ಚಲಿನ ಗೂಡು ನೋಡಿದ. ಅಲ್ಲಿ ಯಾವಾಗಲೂ ಇರುತ್ತಿದ್ದ ಗಾಜಿನ ಲೋಟ ಇರಲಿಲ್ಲ. ಅದರ ತಳದ ಗುಂಡನೆಯ ನೀರಿನ ಕಲೆ ಮಾತ್ರ ಇತ್ತು.

ಅವನು ಹೆಂಡತಿಗೆ ಎಲ್ಲ ಹೇಳಿದ. ಅವಳು ಕೈಯಲ್ಲಿದ್ದ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

“ಊರಲ್ಲಿ ಅಷ್ಟೊಂದು ಜನ ಇದ್ದಾರೆ. ನಿಮ್ಮ ಬಾಯಿಗೆ ನಮ್ಮಪ್ಪನೇ ಸಿಕ್ಕಿದ್ರಾ?”

ಕ್ಷಮೆ ಕೇಳುತ್ತೇನೆ ಎಂದ. ಯಾರ ಮುಂದೆ ಎಂದು ಅವಳು ಕೇಳಿದ್ದು ಅವನಿಗೆ ಸರಿಯಾಗಿ ಇಳಿಯಲಿಲ್ಲ. ಎಲ್ಲರ ಮುಂದೆ ಮಾಡಿದ ತಪ್ಪಿಗೆ ಎಲ್ಲರ ಮುಂದೆಯೇ ತಲೆ ಬಾಗಬೇಕು. ಅವನ ಲೆಕ್ಕ ಅಷ್ಟು ಸರಳವಾಗಿತ್ತು.

ಗುರುವಾರ ಎಲ್ಲರೂ ಬಂದು ಕೂತ ಮೇಲೆ, ಬೋರ್ಡಿನ ಮೇಲೆ ಏನೂ ಬರೆಯದೆ ಹೇಳಿದ.

“ಒಂದು ವಿಷಯ ಮುಚ್ಚಿಟ್ಟಿದ್ದೆ. ನಾನು ಆಡಿಕೊಂಡ ಮಾವ ಇಲ್ಲೇ ಕೂತಿದ್ದಾರೆ. ನನಗೆ ಈ ಕೆಲಸ ಕೊಡಿಸಿದ್ದೂ ಅವರೇ. ನನ್ನಿಂದ ದೊಡ್ಡ ತಪ್ಪಾಯ್ತು ಮಾವ.”

ಎದೆ ಹಗುರಾಯಿತು ಅನ್ನಿಸಿದ್ದು ಒಂದು ಕ್ಷಣ. ಅಷ್ಟರಲ್ಲಿ ಇಡೀ ಕ್ಯಾಂಟೀನು ಹಿಂದಕ್ಕೆ ತಿರುಗಿತ್ತು. ಜನ ಮಾವನ ಕಣ್ಣು ನೋಡಲಿಲ್ಲ. ಎಲ್ಲರ ನೋಟ ಅವರ ಬಾಯಿಯ ಮೇಲಿತ್ತು. ರೇಡಿಯೋ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಲಾರಿಯ ಕಡೆಯಿಂದ ಯಾರೋ ತಡೆದ ನಗು ಮೂಗಿನಲ್ಲಿ ಸಿಡಿಯಿತು.

ಅಳಿಯನಿಗೆ ಆಗ ಗೊತ್ತಾಯಿತು. ನಿನ್ನೆಯವರೆಗೆ ಹಲ್ಲು ಲೋಟದಲ್ಲಿಡುವವನು ಯಾರೋ ಒಬ್ಬ ಮಾವ. ಈಗ ಅವನಿಗೆ ಮುಖ ಬಂತು. ಮಾವ ಬಚ್ಚಿಟ್ಟಿದ್ದನ್ನು ತಾನು ಕ್ಷಮೆಯ ಹೆಸರಿನಲ್ಲಿ ಬಯಲಿಗೆ ಎಳೆದಿದ್ದ, ಅದೂ ಅವರನ್ನು ಒಂದು ಮಾತು ಕೇಳದೆ.

ಮಾವ ಎದ್ದರು. ತುಟಿ ಅಷ್ಟಾಗಿ ಅಲುಗದಂತೆ ಮಾತಾಡಿದರು. “ಬಾಯ್ಲರ್ ನೋಡ್ಬೇಕು ಸರ್,” ಅಂದು ಹೊರಟುಹೋದರು.

ಮುಂದಿನ ಪಾಠಕ್ಕೆ ಬರಲಿಲ್ಲ. ಬುಧವಾರದ ಪರೀಕ್ಷೆಗೂ ಬರಲಿಲ್ಲ. ಅಳಿಯ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಸಂಜೆಯವರೆಗೆ ಕಾದ. ಬಾಯ್ಲರಿನ ಉಳಿದವರೆಲ್ಲ ಒಳಗೆ ಹೋಗಿ ಬಂದರು. ಕೊನೆಗೆ ಸಿಬ್ಬಂದಿ ಅಧಿಕಾರಿಯೇ ಹೇಳಿದರು, ಆಸಾಮಿ ತಾನಾಗಿ ನೀರಿನ ಘಟಕಕ್ಕೆ ವರ್ಗ ಕೇಳಿಕೊಂಡಿದ್ದಾನೆ, ಅಲ್ಲಿ ಇಂಗ್ಲಿಷೂ ಬೇಡ, ಮಾತೂ ಬೇಡ.

ನೀರಿನ ಘಟಕ ಕಾರ್ಖಾನೆಯ ಹಿಂಗೋಡೆಗೆ ಒತ್ತಿಕೊಂಡ ತಗಡಿನ ಕೋಣೆ. ಬಾಯ್ಲರಿಗೆ ಹೋಗುವ ನೀರಿನಿಂದ ಸುಣ್ಣದ ಅಂಶ ತೆಗೆದು ಮೆದು ಮಾಡುವ ಎರಡು ಎತ್ತರದ ತೊಟ್ಟಿಗಳು, ಉಪ್ಪಿನ ಮೂಟೆಗಳು, ಒಂದು ಸ್ಟೂಲು. ಮಾವ ಒಬ್ಬರೇ ಇದ್ದರು. ಅಳಿಯ ಬಾಗಿಲಲ್ಲಿ ನಿಂತ.

“ಪರೀಕ್ಷೆ ಇನ್ನೊಂದ್ ಸಲ ಇಡಿಸಬಹುದು ಮಾವ. ನಾನು ಕೇಳ್ತೀನಿ.”

“ನೀವು ಇನ್ನು ನನ್ನ ಪರವಾಗಿ ಏನೂ ಕೇಳ್ಬೇಡಿ.”

ತೊಟ್ಟಿಯೊಳಗೆ ನೀರು ಇಳಿಯುವ ಸದ್ದು. ಮಾವನೇ ಮುಂದುವರಿಸಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ಇಂಗ್ಲಿಷ್ ಬರ್ತಿತ್ತು ಅಳಿಯಂದಿರೇ. ಕೋಣೇಲಿ ಗೋಡೆ ಮುಂದೆ ಕೂತು ಎಲ್ಲ ಉತ್ತರ ಹೇಳ್ಕೊಂಡಿದ್ದೆ. ಆದ್ರೆ ಪರೀಕ್ಷೆ ಮಾಡೋ ಸಾಹೇಬರ ಮುಂದೆ ಬಾಯಿ ತೆಗೀಬೇಕಲ್ಲ. ಬಾಯಿ ತೆಗೆದ್ರೆ ಮಾತು ಕೇಳ್ತಾರೋ, ಹಲ್ಲು ನೋಡ್ತಾರೋ?”

ಸಾಹೇಬರಿಗೆ ಏನೂ ಗೊತ್ತಿರಲಿಲ್ಲ ಎನ್ನಬಹುದಿತ್ತು. ಆದರೆ ಕಾರ್ಖಾನೆಯಲ್ಲಿ ಯಾರಿಗೆ ಗೊತ್ತು, ಯಾರಿಗಿಲ್ಲ ಎಂದು ಇನ್ನು ಮಾವ ಹೇಗೆ ತಿಳಿಯಬೇಕು? ಅಳಿಯ ಹೇಳಿದ್ದು ಒಂದೇ ಮಾತು: “ನಾನು ಪಾಠ ಬಿಡ್ತೀನಿ.”

“ಬಿಟ್ಟು ಮನೇಲಿ ಕೂತ್ಕೊಂಡು ಏನ್ಮಾಡ್ತೀರಿ? ನನ್ನ ಮಗಳು ಏನಂತಾಳೆ?” ಮಾವ ಸ್ಟೂಲಿನಿಂದ ಎದ್ದರು. “ಮಾಡಿ. ಚಮಚ, ಛತ್ರಿ ಇಟ್ಕೊಂಡು ಮಾಡಿ.”

ನೀರು ಪರೀಕ್ಷಿಸುವ ಹೊತ್ತಾಗಿತ್ತು. ಅವರು ಗಾಜಿನ ನಳಿಗೆಗೆ ನೀರು ಹಿಡಿದು, ಪುಡಿ ಹಾಕಿ ಅಲ್ಲಾಡಿಸಿದರು. ನೀರು ಕೆಂಪಾಯಿತು. ಸೀಸೆಯಿಂದ ಹನಿ ಎಣಿಸುತ್ತ ಔಷಧ ಬಿಟ್ಟರು. ಕೆಂಪು ಹೋಗಿ ನೀಲಿ ಬಂದ ಕೂಡಲೇ ನಿಲ್ಲಿಸಬೇಕು. ಹೊಸ ಕೆಲಸ, ಅಳುಕಿತ್ತು. ಕಡೆಗೆ ನಳಿಗೆಯನ್ನು ಅಳಿಯನ ಮುಂದೆ ಹಿಡಿದರು, ಅವನ ಮುಖ ನೋಡದೆ.

“ನೀಲಿ ಆಯ್ತಾ?”

“ಆಯ್ತು.”

ಮಾವ ಗೋಡೆಯ ಮೇಲಿನ ಪಟ್ಟಿಯಲ್ಲಿ ಹನಿಗಳಿಗೆ ಎದುರಿದ್ದ ಅಂಕಿ ಹುಡುಕಿ, ಸೀಮೆಸುಣ್ಣದಿಂದ ತಗಡಿನ ಮೇಲೆ ಬರೆದರು. ನೀರಿನ ಗಡಸುತನ ಲೀಟರಿಗೆ ನಾಲ್ಕು ಮಿಲಿಗ್ರಾಂ, ಬಾಯ್ಲರಿಗೆ ಬಿಡುವಷ್ಟು ಮೆದು.